ಸಾಲಿನ ಮುಂದಿನ ಖಾಲಿ ಜಾಗ

ಫ್ಯಾನಿನ ಗಾಳಿಗೆ ಕರಡು ಹಾಳೆಯ ಮೂಲೆ ಏಳುತ್ತದೆ, ಬೀಳುತ್ತದೆ, ಮತ್ತೆ ಏಳುತ್ತದೆ, ಅವಳು ಅದರ ಮೇಲೆ ಟೀ ಲೋಟ ಇಟ್ಟಳು, ಇಟ್ಟ ಮೇಲೆ ಹೊಳೆಯಿತು ಲೋಟದ ತಳ ಒದ್ದೆ, ಉಂಗುರ ಬಿದ್ದಾಯಿತು — ಬೀಳಲಿ, ಈ ಮುದ್ರಣಾಲಯದಲ್ಲಿ ಹದಿನೆಂಟು ವರ್ಷ ಕರಡು ತಿದ್ದುವ ಅವಳ ಕೈಯಿಂದ ಒಂದು ಹಾಳೆಯೂ ಕೊಳೆಯಾಗಿ, ಒಂದು ಅಲ್ಪವಿರಾಮವೂ ತಪ್ಪಾಗಿ ಹೋದದ್ದಿಲ್ಲ, ಅದಕ್ಕೇ ಅಲ್ಲವೇ ಬೈಂಡಿಂಗಿನವರಿಂದ ಹಿಡಿದು ಮಾಲೀಕರವರೆಗೆ ಎಲ್ಲರೂ ಬೆನ್ನ ಹಿಂದೆ ಅವಳನ್ನು ಅಲ್ಪವಿರಾಮ ಎನ್ನುವುದು, ಅಲ್ಪವಿರಾಮ ಬಂದ್ರು, ತಪ್ಪೆಲ್ಲ ಬಚ್ಚಿಡ್ರಪ್ಪ, ಅವಳಿಗೂ ಗೊತ್ತು, ಒಳಗೊಳಗೇ ಹೆಮ್ಮೆಯೂ ಇತ್ತು, ಇವತ್ತು ಹತ್ತೂವರೆವರೆಗೆ ಇತ್ತು, ಹತ್ತೂವರೆಗೆ ಫೋನಿಗೆ ಆ ಅಣ್ಣನ ಮೇಲ್ ಬಂತು. ಅಳಿಲಿನ ಅಣ್ಣ. ಅಳಿಲಿಗೆ ಒಬ್ಬ ಅಣ್ಣ ಇದ್ದಾನೆಂದಾಗಲಿ, ಅಳಿಲು ಒಬ್ಬ ಹುಡುಗಿಯೆಂದಾಗಲಿ ಅವಳಿಗೆ ಎಲ್ಲಿ ಗೊತ್ತಿತ್ತು, ಪರದೆಯ ಮೇಲಿನ ಒಂದು ಹೆಸರು ಅಷ್ಟೇ, ನನ್ನದೊಂದು ಅಳಿಲು ಸೇವೆ ಎಂದು ಬರೆದು ತಿದ್ದುಪಡಿ ಕಳಿಸುತ್ತಿದ್ದ ಹೆಸರು.

ಅದೊಂದು ಎಡಿಟರ್, ಕೋಡ್ ಬರೆಯುವವರು ಬರೆಯಲಿಕ್ಕೆ ಬಳಸುವ ತಂತ್ರಾಂಶ, ಓಪನ್ ಸೋರ್ಸ್, ಯಾರು ಬೇಕಾದರೂ ತೆಗೆದುಕೊಳ್ಳಬಹುದು, ಯಾರು ಬೇಕಾದರೂ ತಿದ್ದಿ ಕಳಿಸಬಹುದು, ಕಳಿಸಿದ್ದನ್ನು ಒಳಗೆ ಬಿಡಬೇಕೋ ಬೇಡವೋ ಎಂದು ಬಾಗಿಲಲ್ಲಿ ನಿಂತು ನೋಡುವ ಇಬ್ಬರಲ್ಲಿ ಅವಳೊಬ್ಬಳು, ಸಂಬಳವಿಲ್ಲದ ಕಾವಲು, ಪ್ರೆಸ್ಸಲ್ಲಿ ಸಾಲದು ಅಂತ ಅಲ್ಲೂ ತಪ್ಪು ಹುಡುಕೋಕೆ ಹೋಗ್ತೀಯ ಎಂದು ಗಂಡ ನಗುತ್ತಿದ್ದ. ಅಳಿಲು ಮೂರು ಸಲ ಬಂದಿತ್ತು. ಮೊದಲೆರಡು ಸಲ ಸಣ್ಣಪುಟ್ಟ ತಿದ್ದುಪಡಿ, ಕೋಡಿನ ಸಾಲಿನ ಮುಂದೆ, ಮೊದಲ ಅಕ್ಷರಕ್ಕೂ ಮೊದಲು, ನಾಲ್ಕು ಖಾಲಿ ಜಾಗ ಬಿಡಬೇಕಾದಲ್ಲಿ ಮೂರು, ಇನ್ನೊಂದೆಡೆ ಐದು, ಹಲ್ಲು ಉದುರಿದ ಬಾಯಿಯ ಹಾಗೆ, ಅವಳು ಮೆತ್ತಗೇ ಹೇಳಿದ್ದಳು, ಜಾಗ ಸರಿಮಾಡಿ ಅಂತ. ಮೂರನೆಯದು ದೊಡ್ಡದು, ನೂರಕ್ಕೂ ಮೇಲ್ಪಟ್ಟ ಸಾಲು, ತೆರೆದರೆ ಮತ್ತೆ ಅದೇ ಉದುರಿದ ಹಲ್ಲು — ಆ ದಿನ ತಲೆನೋವಿತ್ತೇ, ಇರಲಿಲ್ಲ, ನೆಪ ಹುಡುಕಬೇಡ, ಏನೂ ಇರಲಿಲ್ಲ, ಬರೆದಳು: ಕಣ್ಣು ಬಿಟ್ಟು ನೋಡಿ ಕಳಿಸಿ. ಬರೆದು, ಒಳಗೆ ಬಿಡದೆ ಮುಚ್ಚಿದಳು. ಭುಜದ ಹಿಂದಿನಿಂದ ಓದಿದ ಗಂಡ, ಅಷ್ಟು ಖಾರ ಬೇಕಿತ್ತೇನೇ ಅಂದ, ಬಿಟ್ಟಿ ಕೆಲಸ ಅಂತ ಅರೆಬರೆ ಮಾಡಿದ್ರೆ ಆಗುತ್ತಾ ಅಂದಳು ಅವಳು, ಎಷ್ಟು ಸಲೀಸಾಗಿ ಅಂದಳು.

ಹೋದ ವಾರ ಬೇರೆ ಯಾರೋ ಕೇಳಿದರು, ಸಾಲಿನ ಮುಂದೆ ಎಷ್ಟು ಜಾಗ ಇದೆ ಎಂದು ಎಡಿಟರ್ ಸದ್ದು ಮಾಡಿ ಹೇಳಬಹುದೇ, ಕಣ್ಣು ಕಾಣದ ನಮ್ಮಂಥವರಿಗೆ ಅದೇ ದೊಡ್ಡ ತೊಡಕು. ಎಲ್ಲೋ ನೋಡಿದ ಹಾಗಿದೆಯಲ್ಲ ಎಂದು ಹುಡುಕಿದಳು, ಅಳಿಲಿನ ಆ ಮೂರನೆಯದನ್ನು ತೆರೆದಳು, ಕೋಡಿನ ಮೇಲ್ಗಡೆ ಅಳಿಲು ಬರೆದಿದ್ದ ನಾಲ್ಕು ಸಾಲು — ನೂರು ಸಾಲಿನ ಜಾಗ ಎಣಿಸಿದವಳು ಆ ನಾಲ್ಕು ಸಾಲನ್ನು ಓದಿರಲೇ ಇಲ್ಲ. ನನಗೆ ಆ ಜಾಗಗಳು ಕಾಣುವುದಿಲ್ಲ, ಲೆಕ್ಕ ಇಟ್ಟುಕೊಂಡೇ ಒತ್ತಿದ್ದೇನೆ, ತಪ್ಪಿದ್ದರೆ ದಯವಿಟ್ಟು ಸರಿಮಾಡಿಕೊಳ್ಳಿ, ಜಾಗದ ಲೆಕ್ಕವನ್ನು ಸದ್ದು ಮಾಡಿ ಹೇಳುವ ಈ ಬದಲಾವಣೆ ಒಳಗೆ ಸೇರಿದರೆ ಮುಂದಿನ ಸಲದಿಂದ ತಪ್ಪುವುದಿಲ್ಲ. ಒಲೆಯ ಮೇಲಿಟ್ಟ ಹಾಲು ಉಕ್ಕುವಷ್ಟರಲ್ಲಿ ಅವಳು ಎಲ್ಲ ಜಾಗ ಸರಿಮಾಡಿದ್ದಳು, ಅಷ್ಟೇ ಹೊತ್ತಿನ ಕೆಲಸ, ಅಳಿಲಿನ ಹೆಸರಲ್ಲೇ ಒಳಗೆ ಸೇರಿಸಿದಳು, ಕಣ್ಣು ಮುಚ್ಚಿ ಕೀಲಿ ಒತ್ತಿದಳು, ಟಿಕ್ ಟಿಕ್ ಟಿಕ್ ಟಿಕ್, ಎಷ್ಟು ಚೊಕ್ಕ ಕೆಲಸ ಮಾಡಿತ್ತು ಆ ಜೀವ. ಆಮೇಲೆ ಕ್ಷಮೆ ಕೇಳಲು ಕೂತಳು, ಊರವರ ವಾಕ್ಯ ತಿದ್ದುವವಳಿಗೆ ತನ್ನದೊಂದು ವಾಕ್ಯ ನೆಟ್ಟಗೆ ನಿಲ್ಲಲಿಲ್ಲ, ಆರು ಸಲ ಅಳಿಸಿ ಬರೆದು ಅಳಿಲಿನ ವಿಳಾಸಕ್ಕೆ ಕಳಿಸಿದಳು.

ಅದಕ್ಕೆ ಇವತ್ತು ಅಣ್ಣನ ಉತ್ತರ: ಮೇಡಂ, ತಂಗಿ ಈ ವಿಳಾಸ ನೋಡೋದು ಬಿಟ್ಟಿದಾಳೆ, ನಾನೇ ತೆಗೆದು ಓದಿ ಹೇಳಿದೆ. ಸಂತೋಷ ಅಂದ್ಲು, ಅಷ್ಟೇ. ಆವತ್ತು ನೀವು ಹಾಗೆ ಬರೆದಾಗಿಂದ ಅವಳು ಕೋಡ್ ಮುಟ್ಟಿಲ್ಲ, ಒಂದು ಆಸ್ಪತ್ರೇಲಿ ಫೋನ್ ಎತ್ತೋ ಕೆಲಸಕ್ಕೆ ಸೇರಿಕೊಂಡ್ಲು. ನಿಮ್ಮ ಮೇಲೆ ಕೋಪ ಏನಿಲ್ಲ ಮೇಡಂ, ಅವರು ಹೇಳಿದ್ದು ಸರಿನೇ ಅಣ್ಣ, ಅದು ಕಣ್ಣಿದ್ದೋರ ಕೆಲಸ, ಅಂತಾಳೆ — ಸರಿನೇ ಅಂತಾಳೆ, ಆ ಅಣ್ಣ ಒಂದು ಬೈಗುಳ ಬರೆದಿದ್ದರೆ ಇವಳು ತಡೆದುಕೊಳ್ಳಬಹುದಿತ್ತು, ಮತ್ತೆ ಬರೆಯಬೇಕು, ಅದು ನಿನ್ನ ಕೆಲಸವೇ ಕಣಮ್ಮ ಎಂದು, ಬರೆದರೆ ಓದುವವರು ಯಾರು, ಆ ಅಣ್ಣ ಕೊನೆಗೆ ಕೇಳಿಕೊಂಡಿದ್ದಾನೆ, ಇನ್ನು ಅವಳನ್ನ ಕರೀಬೇಡಿ, ಈಗ ಸ್ವಲ್ಪ ನೆಮ್ಮದಿಯಾಗಿದಾಳೆ. ಅದರ ಕೆಳಗೆ, ಹೇಳಲೋ ಬೇಡವೋ ಎಂಬಂತೆ ಇನ್ನೊಂದು ಮಾತು: ಜಾಗ ಬಿಡೋವಾಗ ಮೇಜಿನ ಮೇಲೆ ನಾಲ್ಕು ಸಲ ಬೆರಳು ತಟ್ಟಿ ಎಣಿಸೋಳು, ಈಗಲೂ ಸುಮ್ಮನೆ ಕೂತಾಗ ತಟ್ಟುತಾಳೆ, ಮೂರಕ್ಕೇ ನಿಲ್ಲಿಸಿಬಿಡ್ತಾಳೆ.

ಅಕ್ಕಾ, ಕರಡು ಆಯ್ತಾ, ಮೆಷಿನ್ ಖಾಲಿ ನಿಂತಿದೆ ಎಂದು ಮುದ್ರಕ ಬಾಗಿಲಲ್ಲಿ ಇಣುಕಿದ, ಆಯ್ತು ತಗೊಂಡು ಹೋಗಪ್ಪ ಎಂದಳು, ಕೊನೆಯ ಎರಡು ಪುಟ ಓದಿಲ್ಲ, ಓದದೆಯೇ ಸಹಿ ಹಾಕಿದಳು, ಅವನು ಒಂದು ಗಳಿಗೆ ಅವಳ ಮುಖ ನೋಡಿ ಹೋದ, ಕಣ್ಣ ಮುಂದೆ ಬರೀ ಆ ಹುಡುಗಿಯ ಮೇಜು, ಎಲ್ಲಿಯ ಮನೆಯೋ, ಎಂಥ ಮೇಜೋ, ಒಂದು ತೆಳ್ಳನೆಯ ಬೆರಳು, ತಟ್ಟುತ್ತದೆ, ತಟ್ಟುತ್ತದೆ, ಹೂಂ, ಇನ್ನೊಂದು, ತಟ್ಟುತ್ತದೆ, ನಾಲ್ಕನೆಯದಕ್ಕೆ ಏಳುತ್ತದೆ, ಎದ್ದದ್ದು ಇಳಿಯುವುದಿಲ್ಲ, ಮೇಜಿಗೆ ಇನ್ನೊಂದು ಅಂಗುಲ ಇದೆ, ಬೆರಳು ಅಲ್ಲೇ ಇದೆ, ಬೆರಳು ಅಲ್ಲೇ