ಒಂಟಿ ಚಪ್ಪಲಿಯ ಕೊನೆಯ ಪುಟ

ಶವದ ತಲೆಯ ಬಳಿ ಇಟ್ಟಿದ್ದ ದೀಪಕ್ಕೆ ಎಣ್ಣೆ ಹೊಯ್ಯುತ್ತಿದ್ದ ಮನೋರಮಾ ಬಾಟಲಿಯನ್ನು ನೆಲದ ಮೇಲಿಟ್ಟು, "ಹನ್ನೊಂದು ಗಂಟೆಗೆ ನನಗೆ ಒಂದು ಫೋನ್ ಉಂಟು. ಸ್ವಲ್ಪ ಹೊತ್ತು ಒಳಗೆ ಹೋಗ್ತೇನೆ" ಎಂದಳು.

ಚಾಪೆಯ ಮೇಲೆ ಕುಳಿತಿದ್ದ ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಸತ್ತ ಶೇಖರನ ಅಕ್ಕ ವಾರಿಜಾ ಮೂಗು ಒರೆಸಿಕೊಳ್ಳುವುದನ್ನು ಅರ್ಧಕ್ಕೇ ನಿಲ್ಲಿಸಿದಳು.

"ಎಂತ ಫೋನ್? ಗಂಡ ಇನ್ನೂ ಅಂಗಳ ದಾಟ್ಲಿಲ್ಲ."

"ಬೆಂಗಳೂರಿನ ಪ್ರಕಾಶನದವರದ್ದು. ಇವರ ಪುಸ್ತಕದ ವಿಷಯ."

"ಆ ಮಕ್ಕಳ ಚಿತ್ರದ ಪುಸ್ತಕವಾ? ಅವನೇ ಹೋದ, ಇನ್ನು ಪುಸ್ತಕ ಎಂತಕ್ಕೆ ಮಾರಾಯ್ತಿ?"

"ವರ್ಷಕ್ಕೆ ಒಂದು ದಿನ ಅವರು ಕತೆ ಕೇಳುವುದು. ಇವತ್ತು ಬಿಟ್ಟರೆ ಹೋಯ್ತು."

ಹೇಗೂ ಕಾಯುವುದಿತ್ತು. ಶೇಖರನ ತಮ್ಮ ಬಹರೇನ್‌ನಿಂದ ಹೊರಟು ಮಂಗಳೂರಿನಲ್ಲಿ ಇಳಿದಿದ್ದ. ಅವನು ಉದ್ಯಾವರ ಮುಟ್ಟುವವರೆಗೆ ಶವ ಎತ್ತುವಂತಿರಲಿಲ್ಲ. ಅಂಗಳದಲ್ಲಿ ಗಂಡಸರು ಚಟ್ಟಕ್ಕೆ ಬಿದಿರು ಕಟ್ಟುತ್ತಿದ್ದರು. ಸಾವಿನ ಮನೆಯಲ್ಲಿ ಒಲೆ ಹಚ್ಚುವುದಿಲ್ಲವಲ್ಲ, ಶಿರ್ವದ ಲಾಯ್ಡ್ ತನ್ನ ಮನೆಯಿಂದ ದೊಡ್ಡ ಫ್ಲಾಸ್ಕಿನಲ್ಲಿ ಚಹಾ ತಂದಿದ್ದ.

"ಶೇಖರಣ್ಣ ನನ್ನಿಂದ ಮೂರು ಪಾಲಿಸಿ ಮಾಡಿಸಿದ್ದಾರೆ" ಎಂದ ಲಾಯ್ಡ್, ಲೋಟ ಹಂಚುತ್ತಾ. "ಮೂರನೆಯದ್ದು ಯಾಕೆ ಮಾಡಿದೆ ಅಂತ ನನಗೇ ಇನ್ನೂ ಗೊತ್ತಿಲ್ಲ."

"ನನ್ನ ಮದುವೆಯ ದಿನ ಹಾಲ್‌ನಲ್ಲೇ ಸಹಿ ಹಾಕಿಸಿದ್ದರು" ಎಂದ ಹಗ್ಗ ಬಿಗಿಯುತ್ತಿದ್ದವನು. "ಊಟಕ್ಕೆ ಕೂತಿದ್ದೆ, ಎಡಗೈಯಲ್ಲಿ ಹಾಕಿದೆ."

"ಪುಸ್ತಕ ಒಂದು ಮಾತ್ರ ಯಾರಿಗೂ ದಾಟಿಸ್ಲಿಕ್ಕೆ ಆಗ್ಲಿಲ್ಲ, ಅಲ್ವಾ?" ಎಂದ ಲಾಯ್ಡ್.

ಕಟಪಾಡಿಯಿಂದ ಕಾರ್ಕಳದವರೆಗೆ ವಿಮೆ ಏಜೆಂಟ್ ಶೇಖರ ಹೊಕ್ಕಿರದ ಮನೆಯಿರಲಿಲ್ಲ. ನಾಳೆ ನೀವು ಸತ್ತರೆ ಎಂದು ಮಾತು ತೆಗೆದು, ಅದೇ ಮನೆಯಲ್ಲಿ ಬನ್ಸ್ ತಿಂದು, ಚಹಾ ಕುಡಿದು ಬರುವಷ್ಟು ಬಾಯಿ ಇದ್ದವನು. ಅಂಥವನನ್ನು ಪ್ರಕಾಶಕರು ಮಾತ್ರ ಬಾಗಿಲಲ್ಲೇ ನಿಲ್ಲಿಸಿದ್ದರು.

*

ಮನೋರಮಾ ಅಂಗನವಾಡಿಯಲ್ಲಿ ಟೀಚರ್ ಆಗಿದ್ದವಳು. ಗೋಡೆಯ ಮೇಲೆ ಆನೆ, ನವಿಲು ಬರೆದು ಕೈ ಪಳಗಿತ್ತು. ಮಗಳು ನಿಖಿತಾ ಚಿಕ್ಕವಳಿದ್ದಾಗ ಕಾಪು ಬೀಚಿನಲ್ಲಿ ಅವಳ ಒಂದು ಚಪ್ಪಲಿ ತೆರೆಗೆ ಸಿಕ್ಕಿ ಹೋಗಿತ್ತು. ಆ ರಾತ್ರಿ ಅಳು ನಿಲ್ಲಿಸಲು ಶೇಖರ ಕತೆ ಕಟ್ಟಿದ: ಚಪ್ಪಲಿ ಒಂದು ಏಡಿಗೆ ಸಿಕ್ಕಿತು, ಏಡಿ ಅದರೊಳಗೆ ಸಂಸಾರ ಹೂಡಿತು. ಮನೆಯಲ್ಲಿ ಉಳಿದ ಒಂಟಿ ಚಪ್ಪಲಿ ಬಾಗಿಲಲ್ಲಿ ಕೂತು ಬೇಜಾರು ಮಾಡಿತು. ಕೊನೆಗೆ ಹುಡುಗಿ ಅದನ್ನೂ ತಂದು ಸಮುದ್ರಕ್ಕೆ ಎಸೆದಳು. ಎರಡು ಚಪ್ಪಲಿ ಜೋಡಿಯಾಗಿ ನೀರಿನ ಮೇಲೆ ಹೊರಟವು.

ಎಷ್ಟೋ ವರ್ಷದ ಮೇಲೆ ಮನೋರಮಾ ಅದಕ್ಕೆ ಚಿತ್ರ ಬರೆದಳು. ಶೇಖರ ಪುಟಗಳನ್ನು ಮಡಚಿ, ಹೊಲಿದು, ಮಾದರಿ ಪುಸ್ತಕ ಮಾಡಿ ಬೆಂಗಳೂರು, ಚೆನ್ನೈ, ದೆಹಲಿಗೆ ಕಳಿಸತೊಡಗಿದ. ಜೊತೆಗೆ ಇಡುತ್ತಿದ್ದ ಪತ್ರ ಥೇಟ್ ವಿಮೆಯ ಕರಪತ್ರ. ಈ ಪುಸ್ತಕದಿಂದ ಮಗುವಿಗೆ ಆಗುವ ಲಾಭ, ತಂದೆತಾಯಿಗೆ ಆಗುವ ಲಾಭ. ಉತ್ತರ ಬರೆದ ಕೆಲವರು ಹೇಳಿದ್ದು ಒಂದೇ ಮಾತು: ಚಿತ್ರ ಚೆನ್ನಾಗಿದೆ, ಕತೆ ಚೆನ್ನಾಗಿದೆ, ಕೊನೆಯ ಪುಟ ಬೇಡ.

ಕೊನೆಯ ಪುಟದಲ್ಲಿ ಚಿತ್ರವಿರಲಿಲ್ಲ. ಶೇಖರನ ದಪ್ಪ ಅಕ್ಷರ ಮಾತ್ರ ಇತ್ತು. 'ಮಕ್ಕಳೇ, ಇದರಿಂದ ನಾವು ಕಲಿಯುವುದೇನು? ನಮ್ಮ ವಸ್ತುಗಳನ್ನು ಜೋಪಾನ ಮಾಡಬೇಕು. ನಾಳೆಯ ಬಗ್ಗೆ ಇಂದೇ ಯೋಚಿಸಬೇಕು.'

"ಚಪ್ಪಲಿ ಸಮುದ್ರಕ್ಕೆ ಬಿಸಾಡಿದವಳ ಕತೆ ಹೇಳಿ, ಜೋಪಾನ ಮಾಡಿ ಅಂದ್ರೆ ಮಕ್ಕಳು ನಗ್ತಾರೆ" ಎನ್ನುತ್ತಿದ್ದಳು ಮನೋರಮಾ.

"ನಗಲಿ. ಕತೆ ಕೇಳ್ಲಿಕ್ಕೆ ಬಂದ ಮಗುವನ್ನು ಬರಿಗೈಯಲ್ಲಿ ಕಳಿಸುವುದಾ?"

ಒಮ್ಮೆ ಅವಳು ಆ ಪುಟವನ್ನು ಗುಟ್ಟಾಗಿ ಬಿಚ್ಚಿ ತೆಗೆದಿದ್ದಳು. ಕಟಪಾಡಿಯ ಕೊರಿಯರ್ ಅಂಗಡಿಯಲ್ಲಿ ಲಕೋಟೆ ಅಂಟಿಸುವ ಮೊದಲು ಶೇಖರ ತಿರುವಿ ನೋಡಿ, ಅಲ್ಲಿಂದಲೇ ಹಿಂದೆ ಬಂದ. ಆಮೇಲೆ ಎರಡು ದಿನ ಮನೆಯಲ್ಲಿ ಮಾತಿರಲಿಲ್ಲ. ಮೂರನೆಯ ದಿನ ಅವಳೇ ಸೂಜಿ ತೆಗೆದುಕೊಂಡು ಪುಟವನ್ನು ಮತ್ತೆ ಹೊಲಿದಳು. ಹೊಲಿಯುವಾಗ ಬೈದಳು, ಅವನು ನೂಲು ಹಿಡಿದುಕೊಂಡು ಬೈಸಿಕೊಂಡ.

*

ಒಳಕೋಣೆಯಲ್ಲಿ ನಿಖಿತಾ ಅಕ್ಕಿ ಡಬ್ಬಿಗೆ ಫೋನನ್ನು ಒರಗಿಸಿದಳು. ಅವಳ ಮಗಳು ಮೋಕ್ಷಾ ಅಜ್ಜಿಯ ಮಗ್ಗುಲಿಗೆ ಬಂದು ಕೂತಳು. ಪರದೆಯ ಮೇಲೆ ಸಂಪಾದಕಿ ಭವ್ಯಶ್ರೀಯ ಮುಖ ಬಂತು.

"ನಮಸ್ಕಾರ. ಶೇಖರ ಸರ್ ಇಲ್ವಾ?"

"ಚಾವಡಿಯಲ್ಲಿ ಮಲಗಿದ್ದಾರೆ. ನಾನು ಅವರ ಹೆಂಡತಿ. ಚಿತ್ರ ನನ್ನದೇ, ನಾನೇ ಓದ್ತೇನೆ."

ನಿಖಿತಾ ಬೆಚ್ಚಿ ತಾಯಿಯ ಕಡೆ ನೋಡಿದಳು. ಸತ್ತರೆಂದು ಹೇಳಿದರೆ ಕನಿಕರಕ್ಕೆ ಹೂಂ ಅಂದುಬಿಡುತ್ತಾರೆ ಎಂದು ಮನೋರಮಾ ಬೆಳಿಗ್ಗೆಯೇ ಯೋಚಿಸಿಕೊಂಡಿದ್ದಳು. ಕನಿಕರದ ಹೂಂ ಶೇಖರನಿಗೆ ಬೇಕಿರಲಿಲ್ಲ, ಅವಳಿಗೂ ಬೇಕಿರಲಿಲ್ಲ.

ಅವಳು ಪುಟ ತಿರುವುತ್ತಾ ಓದಿದಳು. ಏಡಿ ಚಪ್ಪಲಿಯ ಪಟ್ಟಿಗೆ ಬಟ್ಟೆ ಒಣಹಾಕುವ ಪುಟದಲ್ಲಿ ಮೋಕ್ಷಾ ಕಿಲಕಿಲ ನಕ್ಕಳು. ಅದೇ ಹೊತ್ತಿಗೆ ಕಾರ್ಕಳದ ನೆಂಟರ ವ್ಯಾನ್ ಬಂದು, ಹೊರಗೆ ಅಳು ಜೋರಾಯಿತು.

"ಏನೋ ಸದ್ದು ಬರ್ತಿದೆ ಮೇಡಂ?"

"ನೆಂಟರು ಬಂದರು" ಎಂದು ಮನೋರಮಾ ಮುಂದಿನ ಪುಟ ತಿರುವಿದಳು.

ಎರಡು ಚಪ್ಪಲಿ ತೇಲುವ ಪುಟ ಬಂತು. ಅಲ್ಲಿಗೆ ಪುಸ್ತಕ ಮುಚ್ಚಿದರೆ ಆಗುತ್ತಿತ್ತು. ತಡೆಯುವವರು ಯಾರೂ ಇರಲಿಲ್ಲ. ಅವಳ ಬೆರಳು ಸ್ವಲ್ಪ ಹೊತ್ತು ಅಂಚಿನಲ್ಲೇ ನಿಂತಿತು. ಆಮೇಲೆ ಅವಳು ಕೊನೆಯ ಪುಟ ತಿರುವಿ, ಅವನು ಓದುವ ಹಾಗೆಯೇ ಗಟ್ಟಿಯಾಗಿ ಓದಿದಳು. ಮೋಕ್ಷಾ ಮತ್ತೆ ನಕ್ಕಳು. ಸಂಪಾದಕಿಯೂ ನಕ್ಕಳು.

"ಮೇಡಂ, ಈ ಪುಸ್ತಕ ನಮಗೆ ಬೇಕು. ಆದರೆ ಆ ಕೊನೆಯ ಪುಟ ಇಲ್ಲದೆ. ಮಾತು ಸರ್ ಅವರದ್ದು, ಅವರು ಒಪ್ಪಬೇಕಲ್ಲ. ಎದ್ದ ಮೇಲೆ ಅವರನ್ನು ಒಮ್ಮೆ ಕೇಳಿ, ಸಂಜೆಯೊಳಗೆ ಹೇಳ್ತೀರಾ?"

"ಕೇಳ್ತೇನೆ" ಎಂದಳು ಮನೋರಮಾ.

ಫೋನ್ ಇಟ್ಟದ್ದೇ ನಿಖಿತಾ, "ಅಮ್ಮ, ತೆಗೀರಿ ಅಂತ ಆಗಲೇ ಹೇಳಬಹುದಿತ್ತಲ್ಲ! ನಿನಗೂ ಅದೇ ಬೇಕಿತ್ತು. ಇನ್ನು ಯಾರನ್ನು ಕೇಳ್ಲಿಕ್ಕುಂಟು?" ಎಂದಳು.

"ಕೇಳ್ತೇನೆ ಅಂದಾಯ್ತಲ್ಲ."

ಮಧ್ಯಾಹ್ನ ಶೇಖರನ ತಮ್ಮ ಬಂದ. ಒಬ್ಬೊಬ್ಬರಾಗಿ ಶವದ ಬಾಯಿಗೆ ತುಳಸಿಯಲ್ಲಿ ನೀರು ಬಿಟ್ಟರು. ಶವವನ್ನು ಚಟ್ಟದ ಮೇಲೆ ಮಲಗಿಸಿದ ಮೇಲೆ ವಾರಿಜಾ ಮನೋರಮಾಳ ತೋಳು ಹಿಡಿದು ಅಂಗಳಕ್ಕೆ ಕರೆತಂದಳು. ಮನೋರಮಾ ನೀರು ಬಿಟ್ಟಳು. ಬಿಟ್ಟವಳು ಏಳದೆ, ಶೇಖರನ ಕಿವಿಯ ಹತ್ತಿರ ಬಗ್ಗಿದಳು.

"ಕೊನೆಯ ಪುಟ ತೆಗೀಲಿಕ್ಕೆ ಹೇಳ್ತಾರೆ. ತೆಗೆದರೆ ಪುಸ್ತಕ ಮಾಡ್ತಾರಂತೆ. ತೆಗೆಯುವುದಾ?"

ಇಷ್ಟು ವರ್ಷ ಅವಳು ಗೆಲ್ಲಬೇಕೆಂದಿದ್ದ ಜಗಳ ಅದು. ಈಗ ಅವಳಿಗೆ ಗೆಲ್ಲುವ ಆಸೆಯೇ ಇರಲಿಲ್ಲ. ಯಾಕೆ ತೆಗೆಯಬೇಕು ಎಂದು ಅವನೊಮ್ಮೆ ರೇಗಿದರೆ ಸಾಕಿತ್ತು. ಬೆಳಗಿನಿಂದ ಬಾರದ ಅಳು ಆಗ ಬಂತು.

"ಮಾತಾಡದಿದ್ದರೆ ಒಪ್ಪಿದ ಹಾಗೆ ಮಾರಾಯ್ತಿ" ಎಂದಳು ವಾರಿಜಾ, ಮೆಲ್ಲಗೆ. "ಏಳು."

"ಅವರು ಹಾಗೆಲ್ಲ ಒಪ್ಪುವವರಲ್ಲ."

ಹೊರುವ ನಾಲ್ವರು ಬಗ್ಗಿ ಬಿದಿರಿಗೆ ಕೈ ಹಾಕಿದರು. ಮನೋರಮಾ ಕಣ್ಣೊರೆಸಿಕೊಂಡು ನೋಡಿದಳು. ತಾನು ಕೂತದ್ದು ಅವನ ಎಡಕ್ಕೆ. ಎಡಗಿವಿ ಅವನಿಗೆ ಮೊದಲಿನಿಂದಲೂ ಸ್ವಲ್ಪ ಮಂದ. ಅವಳು ಎದ್ದು, ಚಟ್ಟವನ್ನು ಸುತ್ತಿ ಬಲಗಡೆಗೆ ಹೋಗಿ ಕೂತು, ಇನ್ನಷ್ಟು ಗಟ್ಟಿಯಾಗಿ ಮತ್ತೊಮ್ಮೆ ಕೇಳಿದಳು. ನಾಲ್ವರೂ ಬಗ್ಗಿಕೊಂಡೇ ಇದ್ದರು.