ನಾಲ್ಕನೇ ಹೆಗಲು

ನನ್ನ ತಮ್ಮ ಚಿರಂತನ ಹಾಡ್ತಿದ್ದ ಅಂತ ನಾನು ಯಾವತ್ತೂ ಒಪ್ಪಿಕೊಂಡವಳಲ್ಲ. ಅವನು ಕಿರುಚ್ತಿದ್ದ. ಮೈಸೂರಲ್ಲಿ ವರ್ಷಗಟ್ಟಲೆ ಸಂಗೀತದ ಮೇಷ್ಟ್ರ ಮುಂದೆ ಕೂತು ಕಲಿತವಳು ನಾನು. ಯಾವುದು ಹಾಡು, ಯಾವುದು ಕಿರುಚಾಟ ಅಂತ ನನಗೆ ಗೊತ್ತಾಗಲ್ವಾ? ಐಂಡ್‌ಹೋವನ್ನಿಗೆ ಚಿಪ್ ಮೇಲೆ ಸಂಶೋಧನೆ ಮಾಡೋಕೆ ಬಂದವನು ಹಗಲೆಲ್ಲ ಲ್ಯಾಬಿನಲ್ಲಿ ಬಿಳಿ ಗೌನು ಹಾಕ್ಕೊಂಡು ಸಾಧು ಹಾಗೆ ಇರ್ತಿದ್ದ. ಸಂಜೆಯಾದರೆ ಮೂರು ಜನ ಡಚ್ಚರ ಜೊತೆ ಸೇರಿ ಗಂಟಲು ಹರಿಯೋ ಹಾಗೆ ಕೂಗ್ತಿದ್ದ. ಅದೂ ಕನ್ನಡದಲ್ಲಿ! ಬ್ಯಾಂಡಿನ ಹೆಸರು 'ಗಲಾಟೆ'. ಚಿಕ್ಕವನಿದ್ದಾಗ ಅಪ್ಪ ಮಾತೆತ್ತಿದರೆ "ಏನೋ ಅದು ಗಲಾಟೆ" ಅಂತ ಗದರ್ತಿದ್ರು, ಅದನ್ನೇ ಇಟ್ಟಿದ್ದ ಬಡ್ಡಿಮಗ. ಡಚ್ಚರ ಬಾಯಲ್ಲಿ ಅದು 'ಖಲಾಟೆ' ಆಗಿ, ಯಾರೋ ಕಫ ತೆಗೆದ ಹಾಗೆ ಕೇಳ್ತಿತ್ತು.

ಡ್ರಮ್ಸ್ ಬಾರಿಸೋನು ಯೂಪ್. ಗಿಟಾರ್ ಸಾನ. ಅವಳ ತಲೆಯ ಒಂದು ಪಕ್ಕ ಬೋಳು, ಇನ್ನೊಂದು ಪಕ್ಕ ಹಸಿರು. ಬೇಸ್ ಗಿಟಾರ್ ಬ್ರಾಮ್. ನಾಲ್ಕೂ ಜನ ಇದ್ದಿದ್ದು ಒಂದು ಹಳೇ ಶಾಲೆಯಲ್ಲಿ. ಮುಚ್ಚಿದ ಕಟ್ಟಡ ಪಾಳು ಬೀಳಬಾರದು ಅಂತ ಈ ದೇಶದಲ್ಲಿ ಜನರನ್ನ ಕಡಿಮೆ ಬಾಡಿಗೆಗೆ ಇಟ್ಟಿರ್ತಾರೆ. ಮಕ್ಕಳು ಕಸರತ್ತು ಮಾಡ್ತಿದ್ದ ಹಾಲಿನಲ್ಲಿ ಇವರ ಪ್ರಾಕ್ಟೀಸು, ಮೇಲಿನ ಕ್ಲಾಸ್‌ರೂಮುಗಳಲ್ಲಿ ಮಲಗೋದು. ನನ್ನ ತಮ್ಮನ ಮಂಚದ ತಲೆಯ ಹತ್ರ ಕರಿಹಲಗೆ ಇತ್ತು. ಒಂದೇ ಅಡುಗೆಮನೆ, ಒಂದೇ ಪಾತ್ರೆ. ಸಾನ ಬೇಳೆಸಾರು ಮಾಡೋದು ಕಲಿತಿದ್ದಳು, ಇಂಗು ಮಾತ್ರ ಅಳತೆಯಿಲ್ಲದೆ ಸುರೀತಿದ್ದಳು.

ನನಗೆ ಇದೆಲ್ಲ ಕಂಡರೆ ಮೈ ಉರಿ. ಆಮರ್ಸ್‌ಫೋರ್ಟಿನಲ್ಲಿ ನನಗೂ ನನ್ನ ಗಂಡ ಕೇಶವರಿಗೂ ಎರಡು ರೂಮಿನ ಮನೆ ಇತ್ತು. "ಬಂದು ಇರೋ, ದಿನಾ ರೈಲಲ್ಲಿ ಹೋಗಿ ಬಾ, ಬಿಸಿ ಅನ್ನ ತಿನ್ನು" ಅಂತ ದಮ್ಮಯ್ಯ ಗುಡ್ಡೆ ಹಾಕಿದ್ದೆ. "ಬೇಡ ಅಕ್ಕ, ನಿನ್ನ ಮನೇಲಿ ಜೋರಾಗಿ ಸೀನೋಕೂ ಭಯ ಆಗುತ್ತೆ" ಅಂತಿದ್ದ. ಚಿಕ್ಕಂದಿನಿಂದ ಉಬ್ಬಸದ ಹುಡುಗ ಬೇರೆ. ತೋಳಿಲ್ಲದ ಕರೀ ಜೀನ್ಸ್ ಕೋಟೊಂದನ್ನ ಸದಾ ಹಾಕ್ಕೊಂಡಿರ್ತಿದ್ದ, ಮೈತುಂಬ ಬ್ಯಾಂಡುಗಳ ಹೆಸರಿನ ತೇಪೆ. ಅದರ ಎದೆ ಜೇಬಲ್ಲಿ ಇನ್‌ಹೇಲರ್. ಎರಡು ಹಾಡು ಕಿರುಚೋದು, ಒಂದು ಸಲ ಎಳ್ಕೊಳ್ಳೋದು. ಆ ಕೋಟನ್ನ ಯಾವತ್ತೂ ತೊಳೀಬಾರದಂತೆ, ಅವರಲ್ಲಿ ಹಾಗೊಂದು ಮಡಿ. ನಾನು ಒಂದು ಸಲ ಬಕೆಟ್ಟಿಗೆ ಹಾಕೋಕೆ ಹೋಗಿದ್ದಕ್ಕೆ, ಮನೆಗೆ ಬೆಂಕಿ ಬಿದ್ದ ಹಾಗೆ ಓಡಿ ಬಂದು ಕಿತ್ಕೊಂಡಿದ್ದ.

ಅವನ ಕಛೇರಿ ನಾನು ನೋಡಿದ್ದು ಒಂದೇ ಸಲ, ಎರಡು ಸಾವಿರದ ಇಪ್ಪತ್ತರ ಫೆಬ್ರವರಿಯಲ್ಲಿ. ಹೌದು, ಚುಚ್ಚೋಕೆ ಅಂತ ನಾನು ಅದನ್ನ ಕಛೇರಿ ಅಂತಲೇ ಕರೀತಿದ್ದೆ. ಸೈಕಲ್ ಅಂಗಡಿಯೊಂದರ ಕೆಳಗಿನ ನೆಲಮಾಳಿಗೆ, ಗೋಡೆಯಿಂದ ಬೆವರು ಇಳೀತಿತ್ತು. ಪುಳಿಯೋಗರೆ ಡಬ್ಬಿ ಮಡಿಲಲ್ಲಿಟ್ಕೊಂಡು ಹಿಂದಿನ ಮೂಲೆಯಲ್ಲಿ ಸ್ಟೂಲಿನ ಮೇಲೆ ಕೂತೆ. ಯೂಪ್ ಬಾರಿಸೋಕೆ ಶುರುಮಾಡಿದ್ದೇ ತಡ, ಮುಂದಿದ್ದ ಜನ ಒಬ್ಬರನ್ನೊಬ್ಬರು ತಳ್ಳಿಕೊಂಡು, ಗುದ್ದಿಕೊಂಡು ಸುತ್ತು ಹೊಡೆಯೋಕೆ ಹತ್ತಿದರು. ಅಯ್ಯೋ ರಾಮ, ಇದೇನು ಹೊಡೆದಾಟ ಅಂತ ಎದ್ದು ನಿಂತೆ. ಅಷ್ಟರಲ್ಲಿ ಒಬ್ಬ ದಡಿಯ ಕಾಲು ಜಾರಿ ಬಿದ್ದ. ಸತ್ತ, ತುಳಿದೇ ಸಾಯಿಸ್ತಾರೆ ಅಂದುಕೊಂಡೆ. ಇಲ್ಲ. ಸುತ್ತಲಿದ್ದವರೆಲ್ಲ ಗಕ್ಕನೆ ನಿಂತು, ಕೈ ಅಡ್ಡ ಹಿಡಿದು, ಅವನ ಕಂಕುಳಿಗೆ ಕೈ ಹಾಕಿ ಎತ್ತಿ ನಿಲ್ಲಿಸಿ, ಬೆನ್ನು ತಟ್ಟಿ, ಮತ್ತೆ ತಳ್ಳಾಟ ಶುರು ಮಾಡಿದರು.

ಆಮೇಲೆ ಪುಳಿಯೋಗರೆ ಮುಕ್ಕುತ್ತಾ ಚಿರು ಹೇಳಿದ, "ನಮ್ಮಲ್ಲಿ ಅದೊಂದೇ ರೂಲು ಅಕ್ಕ. ಬಿದ್ದವರನ್ನ ತಕ್ಷಣ ಎತ್ತಬೇಕು. ಯಾರು ಏನು ಅಂತ ಕೇಳೋ ಹಾಗಿಲ್ಲ."

"ಎತ್ತೋ ಅಷ್ಟು ಒಳ್ಳೆಯವರು ತಳ್ಳೋದ್ಯಾಕೋ?" ಅಂದೆ.

ಅವನು ಬಾಯ್ತುಂಬ ಅನ್ನ ಇಟ್ಕೊಂಡು ನಕ್ಕ. ಅವನು ಎದುರಿಗೆ ಕೂತು ನಕ್ಕಿದ್ದು ನಾನು ನೋಡಿದ್ದು ಅದೇ ಕೊನೆ.

ಮಾರ್ಚಿನಲ್ಲಿ ಆ ಹಾಳು ರೋಗ ಬಂತು. ಮೊದಲು ತಗುಲಿದ್ದೇ ಐಂಡ್‌ಹೋವನ್ ಕಡೆಗೆ. ಶಾಲೆಮನೆಯ ನಾಲ್ಕೂ ಜನಕ್ಕೂ ಜ್ವರ. ಆ ಮೂರು ಜನ ಮಲಗಿ ಎದ್ದರು, ನನ್ನ ತಮ್ಮ ಏಳಲಿಲ್ಲ. ಉಬ್ಬಸದ ಎದೆ ಎಷ್ಟು ತಡೆಯುತ್ತೆ? ಆಸ್ಪತ್ರೆಯೊಳಗೆ ನನ್ನ ಬಿಡಲಿಲ್ಲ. ನರ್ಸಮ್ಮ ಅವನ ಮುಖದ ಮುಂದೆ ಫೋನ್ ಹಿಡಿದಳು. "ಅಪ್ಪಂಗೆ ಹೇಳ್ಬೇಡ, ಗಾಬರಿಯಾಗ್ತಾರೆ" ಅಂದ, ಅಷ್ಟಕ್ಕೇ ಏದುಸಿರು ಬಂತು. ಊರೆಲ್ಲ ಕೇಳೋ ಹಾಗೆ ಕೂಗ್ತಿದ್ದ ಗಂಟಲು, ಆ ನಾಲ್ಕು ಮಾತು ನನಗೆ ಸರಿಯಾಗಿ ಕೇಳಿಸಲಿಲ್ಲ, ಎರಡನೇ ಸಲ ಹೇಳಿಸಿಕೊಂಡೆ. ಏಪ್ರಿಲ್ ಮೊದಲ ವಾರ ಹೋಗಿಬಿಟ್ಟ. ಇಪ್ಪತ್ತೊಂಬತ್ತು ವಯಸ್ಸು ಹೋಗೋ ವಯಸ್ಸಾ, ಹೇಳಿ? ಯಾವ ದೇವರ ಹತ್ರ ಜಗಳ ಆಡಲಿ ನಾನು?

ಮನೆಯಲ್ಲಿ ನಾನೊಬ್ಬಳೇ. ಕೇಶವ ಮೈಸೂರಿಗೆ ಹೋದವರು ವಿಮಾನ ನಿಂತು ಅಲ್ಲೇ ಸಿಕ್ಕಿಹಾಕಿಕೊಂಡಿದ್ದರು. ಅದೊಂದೇ ಪುಣ್ಯ, ಅಪ್ಪನ ಪಕ್ಕದಲ್ಲಿ ಕೂತು ಸುದ್ದಿ ಹೇಳೋಕೆ ಒಬ್ಬರಿದ್ದರು.

ನಮ್ಮಪ್ಪ ಅನಂತರಾಮ, ರೈಲ್ವೆ ವರ್ಕ್‌ಶಾಪಿನಲ್ಲಿ ಫಿಟ್ಟರ್ ಆಗಿದ್ದವರು. ಬೀದಿಯಲ್ಲಿ ಯಾರದೇ ಸಾವಾಗಲಿ, ಅಂಗಿ ತೆಗೆದಿಟ್ಟು ಟವೆಲ್ ಸುತ್ಕೊಂಡು ಹೆಗಲು ಕೊಡೋಕೆ ಮೊದಲು ಹೊರಡೋ ಮನುಷ್ಯ. ಜಾತಿ ನೋಡಿದವರಲ್ಲ, ಜಗಳ ನೆನಪಿಟ್ಟವರಲ್ಲ. ಎತ್ತರ ಇರೋರು ಹಿಂದೆ, ಗಿಡ್ಡಗಿರೋರು ಮುಂದೆ, ಅರ್ಧದಾರಿಯಲ್ಲಿ ಹೆಗಲು ಬದಲಾಯಿಸಿ ಅಂತ ಹೇಳಿಕೊಡೋರೂ ಅವರೇ. ಅಮ್ಮ ಹೋದಾಗ ಅಪ್ಪ ಮುಂದಿನ ಎಡಕ್ಕೆ ಹೆಗಲು ಕೊಟ್ಟಿದ್ದರು. ನಾನು ಅಳ್ತಾ ಹಿಂದೆ ಹಿಂದೆ ಹೋಗಿದ್ದೆ. ಬೀದಿ ಕೊನೆಯಲ್ಲಿ ಅಪ್ಪ ತಿರುಗಿ, "ಹೆಣ್ಣುಮಕ್ಕಳು ಇಲ್ಲಿಂದಾಚೆ ಬರಬಾರದು, ವಾಪಸ್ ಹೋಗು ಊರ್ಮಿ" ಅಂದರು. ಚಿರು ಬೆಂಕಿಮಡಕೆ ಹಿಡ್ಕೊಂಡು ಹೋದ. ಆ ತಿರುವಿನಲ್ಲಿ ನಾನೊಬ್ಬಳೇ ನಿಂತಿದ್ದೆ.

ಅಪ್ಪ ಫೋನಿನಲ್ಲಿ ಅಳಲಿಲ್ಲ. "ಬೂದಿ ಯಾವಾಗ ಬರುತ್ತೆ, ಮಂತ್ರ ಯಾರು ಹೇಳ್ತಾರೆ, ಅದೆಲ್ಲ ಬಿಡಮ್ಮ" ಅಂದರು. "ನಾಲ್ಕು ಜನ ಹೆಗಲು ಕೊಡಲಿ. ನನ್ನ ಮಗನ್ನ ಮನುಷ್ಯರು ಹೊತ್ಕೊಂಡು ಹೋಗಲಿ. ಅಷ್ಟು ಮಾಡಿಸು, ಸಾಕು."

ಅಷ್ಟು. ಎಷ್ಟು ಸುಲಭ ಅನ್ನಿಸುತ್ತೆ ಅಲ್ವಾ?

ಶವಸಂಸ್ಕಾರದ ಕಚೇರಿಯ ಮರಿಯೆಟ್ ಮೇಡಂ ಒಳ್ಳೆಯವರೇ. ಆದರೆ ಅವರ ಮಾತು ಖಡಾಖಂಡಿತ. ಶವದ ಪೆಟ್ಟಿಗೆ ಹೊರೋಕೆ ಕಡಿಮೆ ಅಂದರೂ ನಾಲ್ಕು ಜನ ಬೇಕು. ಆದರೆ ಅಷ್ಟು ಹತ್ತಿರ ನಿಲ್ಲೋದಾದರೆ ನಾಲ್ಕೂ ಜನ ಒಂದೇ ಮನೆಯಲ್ಲಿ ವಾಸ ಮಾಡೋರಾಗಿರಬೇಕು. ಇಲ್ಲವಾದರೆ ಚಕ್ರದ ಗಾಡಿ. ಡೀಮೆನ್ ಅನ್ನೋ ಊರಿನಲ್ಲಿರೋ ನಮ್ಮ ಮೈಸೂರಿನ ಹುಡುಗ ವಾಮನ ಫೋನ್ ಮಾಡಿ, "ಅಕ್ಕಾ, ನಾನು ಬರ್ತೀನಿ, ಇನ್ನೂ ಮೂವರನ್ನ ಕರ್ಕೊಂಡು ಬರ್ತೀನಿ" ಅಂದ. ಪಾಪ, ಚಿಕ್ಕ ಮಗು ಇರೋ ಮನೆ, ಆದರೂ ಅಂದ. ಮೇಡಂ ತಲೆ ಅಲ್ಲಾಡಿಸಿದರು. ನಾಲ್ಕು ಜನ, ನಾಲ್ಕು ಮನೆ. ಆಗಲ್ಲ.

ಅಪ್ಪಂಗೆ ಹೇಳಿದೆ. ಒಮ್ಮೆಲೇ ಗುಡುಗಿದರು, "ಗಾಡಿನಾ? ಪ್ಲಾಟ್‌ಫಾರಂ ಮೇಲೆ ಲಗೇಜ್ ತಳ್ಳೋ ಹಾಗೆ ತಳ್ತಾರಾ ನನ್ನ ಮಗನ್ನ?" ಆಮೇಲೆ ಫೋನ್ ಕೇಶವರ ಕೈಗೆ ಹೋಯ್ತು. ಹಿಂದೆ ಅಪ್ಪ ಅಳೋದು ಕೇಳಿಸ್ತು.

ಇಡೀ ದೇಶದಲ್ಲಿ ಒಂದೇ ಮನೆಯಲ್ಲಿರೋ ನಾಲ್ಕು ಜನ ಬೇಕು, ಅವರು ನನ್ನ ತಮ್ಮನಿಗೆ ಬೇಕಾದವರಾಗಿರಬೇಕು. ಯೋಚನೆ ಮಾಡ್ತಾ ಮಾಡ್ತಾ ಹೊಳೀತು, ಅಂಥ ಮನೆ ಒಂದಿದೆ. ನಾನು ಮೂಗು ಮುರೀತಿದ್ದ ಆ ಶಾಲೆಮನೆ. ಯೂಪ್‌ಗೆ ಫೋನ್ ಮಾಡಿದೆ. ಅವನು ಪೂರ್ತಿ ಕೇಳೋಕೆ ಮುಂಚೆಯೇ "ಹೊರ್ತೀವಿ" ಅಂದ. ಆಮೇಲೆ ತಡೆದು, "ಆದರೆ ಊರ್ಮಿಳಾ, ನಮ್ಮ ಮನೆಯಲ್ಲಿ ನಾಲ್ಕನೆಯವನು ಅವನೇ ಆಗಿದ್ದ" ಅಂದ.

ಫೋನ್ ಇಟ್ಟೆ.

ಆ ದಿನ ಬಿಸಿಲಿತ್ತು. ದರಿದ್ರದ್ದು, ವರ್ಷವೆಲ್ಲ ಮೋಡ ಕವಿದಿರೋ ದೇಶದಲ್ಲಿ ಅವತ್ತೇ ಬಿಸಿಲು. ಚಿತಾಗಾರದ ಗೇಟಿನ ಹೊರಗೆ ಸೈಕಲ್ ದಾರಿಯುದ್ದಕ್ಕೂ ಕರೀ ಬಟ್ಟೆಯವರು ನಿಂತಿದ್ದರು. ನೆಲಮಾಳಿಗೆಯಲ್ಲಿ ತಳ್ಳಾಡಿದವರು. ಬೇರೆ ಬೇರೆ ಊರಿನಿಂದ ಸೈಕಲ್ ಹೊಡ್ಕೊಂಡು ಬಂದವರೂ ಇದ್ದರು. ಒಳಗೆ ಬಿಡೋದು ಸ್ವಲ್ಪ ಜನರನ್ನ ಅಂತ ಗೊತ್ತಿದ್ದೂ ಬಂದಿದ್ದರು. ದೂರ ದೂರ ನಿಂತಿದ್ದರು, ಒಬ್ಬರೂ ಬಾಯಿ ಬಿಡಲಿಲ್ಲ. ಅಂಥ ಗದ್ದಲದ ಜನ ಅಷ್ಟು ಮೌನವಾಗಿರೋದು ನೋಡಿ ನನಗೆ ತಡಕೊಳ್ಳೋಕಾಗಲಿಲ್ಲ. ಕಿರುಚ್ರೋ, ಯಾರಾದರೂ ಒಬ್ಬರು ಕಿರುಚ್ರೋ ಅನ್ನಿಸ್ತು.

ಸಾನ ಆ ತೋಳಿಲ್ಲದ ಕೋಟು ತಂದು ಪೆಟ್ಟಿಗೆಯ ಮೇಲೆ ಹಾಸಿದಳು. ತೊಳೆದಿರಲಿಲ್ಲ. ಬಗ್ಗಿ ಮೂಸಿದೆ. ಬೆವರು, ಬಿಯರ್, ಹೊಗೆ. ಜೇಬಲ್ಲಿ ಇನ್‌ಹೇಲರ್ ಹಾಗೇ ಇತ್ತು.

ಮರಿಯೆಟ್ ಮೇಡಂ ಗಾಡಿ ತಳ್ಕೊಂಡು ಬಂದರು. ನನ್ನ ಕೈಯಲ್ಲಿ ಫೋನು, ಫೋನಿನಲ್ಲಿ ಅಪ್ಪ. ಬಿಳೀ ಪಂಚೆ, ಹೆಗಲ ಮೇಲೆ ಟವೆಲ್. ಎಲ್ಲಿಗೋ ಹೊರಟವರ ಹಾಗೆ ತಯಾರಾಗಿ ಕೂತಿದ್ದರು. "ಯಾರ್ಯಾರಮ್ಮ ಹೆಗಲು ಕೊಡೋರು?" ಅಂತ ಕೇಳಿದರು. ಫೋನನ್ನ ಪೆಟ್ಟಿಗೆಯ ಕಡೆ ತಿರುಗಿಸಿದೆ.

ಯೂಪ್, ಸಾನ, ಬ್ರಾಮ್ ಆಗಲೇ ಪೆಟ್ಟಿಗೆಯ ಮೂರು ಮೂಲೆಗೆ ನಿಂತಿದ್ದರು. ಮುಂದಿನ ಎಡ ಮೂಲೆ ಖಾಲಿ. ಬ್ರಾಮ್ ನನ್ನ ಕಡೆ ನೋಡಿ, ಆ ಮೂಲೆಯ ಕಡೆ ಗದ್ದ ಆಡಿಸಿದ.

ಮೇಡಂ ಮುಂದೆ ಬಂದರು. "ನೀವು ನಾಲ್ಕೂ ಜನ ಒಂದೇ ಮನೆಯವರಾ?"

"ಹೌದು, ಇವಳು ನಮ್ಮ ಮನೆಯವಳು" ಅಂದ ಯೂಪ್.

ನಾನು ಆಮರ್ಸ್‌ಫೋರ್ಟಿನವಳು ಅಂತ ಆ ಹೆಂಗಸಿಗೆ ಚೆನ್ನಾಗಿ ಗೊತ್ತು. ವಾರದಿಂದ ದಿನಾ ನನ್ನ ಜೊತೆ ಮಾತಾಡಿದವರು. ನನ್ನ ಮುಖ ನೋಡಿದರು, ಆ ಮೂವರ ಮುಖ ನೋಡಿದರು. ಆಮೇಲೆ ಗಾಡಿಯನ್ನ ಮರದ ಕೆಳಗೆ ತಳ್ಳಿ ಬಂದು ಕೈ ಚಾಚಿದರು. "ಹಾಗಾದರೆ ನಿಮ್ಮ ಫೋನ್ ನನ್ನ ಕೈಗೆ ಕೊಡಿ. ನಿಮ್ಮ ತಂದೆಗೆ ಕಾಣಿಸಬೇಕಲ್ಲ."

ನಾನು ಮೂಲೆಗೆ ಹೋಗಿ ನಿಂತೆ. ಫೋನಿನಿಂದ ಅಪ್ಪನ ದನಿ ಬಂತು. "ಊರ್ಮಿ? ನೀನಾ?"

ವಾಪಸ್ ಹೋಗು ಅಂತಾರೆ. ಈಗಲೂ ಅಂತಾರೆ. ಅಂದರೆ ನಾನು ಕೇಳಲ್ಲ, ಯಾರಪ್ಪ ಹೇಳಿದರೂ ಕೇಳಲ್ಲ ಅಂತ ಹಲ್ಲು ಕಚ್ಚಿ ನಿಂತೆ.

ಅಪ್ಪ ಅಂದರು, "ನಿನ್ನ ಕೋಟಿನ ಗುಂಡಿ ಹಾಕ್ಕೊಳ್ಳಮ್ಮ. ಬಟ್ಟೆ ಜಾರಿದರೆ ಹಿಡಿತ ತಪ್ಪುತ್ತೆ."

ಗುಂಡಿ ಹಾಕ್ಕೊಂಡೆ. ಎತ್ತಿದೆವು. ಅಷ್ಟು ಸಣಕಲ ನನ್ನ ತಮ್ಮ ಎಷ್ಟು ಭಾರ ಇದ್ದ! ಆ ಮೂರೂ ಜನ ತೆಂಗಿನ ಮರದ ಹಾಗೆ, ನಾನು ಅವರ ಭುಜಕ್ಕೂ ಬರಲ್ಲ. ಪೆಟ್ಟಿಗೆ ನನ್ನ ಕಡೆ ವಾಲಿತು. "ಎತ್ತರ ಸರಿಯಿಲ್ಲ, ಅವರಿಗೆ ಬಗ್ಗೋಕೆ ಹೇಳು!" ಅಂದರು ಅಪ್ಪ. ನಾನು ಹೇಳೋಕೆ ಮೊದಲೇ ಮೂವರೂ ಮೊಣಕಾಲು ಬಗ್ಗಿಸಿದ್ದರು. ಆ ದಾರಿಯುದ್ದಕ್ಕೂ ಹಾಗೇ ಮೊಣಕಾಲು ಬಗ್ಗಿಸಿಕೊಂಡೇ ನಡೆದರು. ಯೂಪ್‌ನ ತೊಡೆ ನಡುಗೋದು ಪೆಟ್ಟಿಗೆಯ ಮರದ ಮೂಲಕ ನನ್ನ ಹೆಗಲಿಗೂ ಗೊತ್ತಾಗ್ತಿತ್ತು.

ಮೇಡಂ ಫೋನನ್ನ ಎರಡೂ ಕೈಯಲ್ಲಿ ಎದೆಯ ಮುಂದೆ ಹಿಡಿದು, ನಮ್ಮ ಕಡೆ ಮುಖ ಮಾಡಿ ಹಿಂದೆ ಹಿಂದಕ್ಕೆ ನಡೀತಿದ್ದರು. ಅಪ್ಪ ಬೀದಿಯಲ್ಲಿ ಹೇಳ್ತಿದ್ದ ಹಾಗೇ ಹೇಳ್ತಾ ಬಂದರು. ಹೆಜ್ಜೆ ಚಿಕ್ಕದಿಡಿ. ಕುಲುಕಬೇಡಿ. ಅರ್ಧಕ್ಕೆ ಬಂತು, ಈಗ ಹೆಗಲು ಬದಲಾಯಿಸ್ಕೊಳ್ಳಿ. ನಾನು ಅದನ್ನ ಇಂಗ್ಲಿಷಿನಲ್ಲಿ ಹೇಳಿದೆ, ಅವರು ಚಾಚೂ ತಪ್ಪದೆ ಮಾಡಿದರು. ಪೆಟ್ಟಿಗೆ ಇಳಿಸಿ, ಎಡದವರು ಬಲಕ್ಕೆ ಬಂದು, ಮತ್ತೆ ಎತ್ತಿದೆವು. ಈ ಸಲ ನಾನು ಎತ್ತೋಕೆ ಮೊದಲೇ ಅಳ್ತಿದ್ದೆ, ಮೂಗು ಒರೆಸ್ಕೊಳ್ಳೋಕೆ ಕೈ ಇರಲಿಲ್ಲ.

ಬಾಗಿಲು ಬಂತು. ಒಳಗೆ ಇಡೋ ಕಟ್ಟೆ ಕಾಣ್ತಿತ್ತು. ಈಗ ಇಳಿಸಿ ಅಂತ ಅಪ್ಪ ಹೇಳ್ತಾರೆ ಅಂತ ಕಾದೆ. ಫೋನಿನಲ್ಲಿ ಸದ್ದೇ ಇಲ್ಲ. ಲೈನ್ ಹೋಯ್ತಾ ಅಂತ ನೋಡಿದೆ. ಹೋಗಿರಲಿಲ್ಲ. ಅಪ್ಪ ಹೆಗಲ ಟವೆಲ್ಲನ್ನ ಬಾಯಿಗೆ ಒತ್ತಿ ಹಿಡ್ಕೊಂಡಿದ್ದರು.

"ಅಪ್ಪಾ, ಇಳಿಸೋದಾ?" ಅಂದೆ.

"ಬೇಡಮ್ಮ" ಅಂದರು. "ಇನ್ನೊಂಚೂರು ಹೊತ್ತು ಹೊತ್ಕೊಂಡಿರು."

ಏನಂತಿದ್ದಾರೆ ಅಂತ ಹಿಂದಿನಿಂದ ಸಾನ ಮೆಲ್ಲಗೆ ಕೇಳಿದಳು. ಹೇಳಿದೆ. ಮರಿಯೆಟ್ ಮೇಡಂ ಗಡಿಯಾರ ನೋಡಲಿಲ್ಲ. ನಾವು ನಾಲ್ಕೂ ಜನ ಬಾಗಿಲಲ್ಲಿ ಹಾಗೇ ನಿಂತಿದ್ದೆವು, ಅವರು ಮೂವರೂ ಮೊಣಕಾಲು ಬಗ್ಗಿಸಿಕೊಂಡು.