ದಮ್ಮಾಮಿನಿಂದ ಬಂದ ಪೆಟ್ಟಿಗೆ

ಮೂಡಬಿದಿರೆಯಲ್ಲಿ ಆರು ತಿಂಗಳು ಹಾರ್ಡ್‌ವೇರ್ ಕೋರ್ಸು ಮುಗಿಸಿ ಬಂದ ಮೇಲೆ ನಿಝಾರನಿಗೆ ಸಣ್ಣದೊಂದು ಕೊಂಬು ಮೂಡಿತ್ತು. ಪ್ರಾಯ ಇಪ್ಪತ್ತೆರಡು. ಬಂಟ್ವಾಳ ಪೇಟೆಯ ತನ್ನ ನೆರೆಕರೆಯಲ್ಲಿ ಕಂಪ್ಯೂಟರಿನ ಹೊಟ್ಟೆಯೊಳಗೆ ಏನೇನಿದೆ ಎಂದು ಬಲ್ಲವನು ತಾನೊಬ್ಬನೇ ಎಂಬುದು ಅವನಿಗೆ ಗೊತ್ತಿತ್ತು. ತಾಯಿ ಸಾಲಿಹಾ ಹೇಳಿ ಹೇಳಿ ನೆರೆಕರೆಗೂ ಗೊತ್ತಾಗಿತ್ತು.

ಆ ಕೊಂಬಿಗೆ ತಕ್ಕ ಕೆಲಸ ಸಿಕ್ಕಿದ್ದು 2004ರಲ್ಲಿ. ತಂದೆ ಅಬ್ದುಲ್ಲ ಬಿ.ಸಿ.ರೋಡಿನ ರಿಜಿಸ್ಟ್ರಾರ್ ಕಚೇರಿಯ ಎದುರು ಮೂವತ್ತೆರಡು ವರ್ಷದಿಂದ ದಸ್ತಾವೇಜು ಬರೆಯುವವರು. ಕ್ರಯಪತ್ರ, ವಿಭಾಗಪತ್ರ, ಮರಣಶಾಸನ ಎಲ್ಲವೂ ಅವರ ಗುಂಡು ಅಕ್ಷರದಲ್ಲೇ. ಇನ್ನು ಮುಂದೆ ಕೈಬರಹ ನಡೆಯುವುದಿಲ್ಲ, ಕಂಪ್ಯೂಟರಿನಲ್ಲಿ ಅಚ್ಚು ಮಾಡಿದ್ದೇ ಬೇಕಂತೆ ಎಂಬ ಮಾತು ಕಚೇರಿ ಬಾಗಿಲಲ್ಲಿ ಕೇಳಿಬಂದ ದಿನ ಅವರು ರಾತ್ರಿಯ ಊಟವನ್ನು ಅರ್ಧಕ್ಕೇ ಬಿಟ್ಟು ಎದ್ದಿದ್ದರು.

"ಹೆದರಬೇಡಿ ಬಾಪ. ನಾನು ಮಾಡಿ ಕೊಡ್ತೇನೆ" ಎಂದ ನಿಝಾರ್.

ಹೊಸ ಕಂಪ್ಯೂಟರು ಕೊಳ್ಳುವ ತಾಕತ್ತು ಆ ಮನೆಗಿರಲಿಲ್ಲ. ಆದ್ದರಿಂದ ಒಂದೊಂದೇ ಭಾಗ ಕೂಡಿಸಬೇಕಾಯಿತು. ಬೆಳ್ತಂಗಡಿಯ ರುಕ್ಮಯ್ಯ ಗೌಡರು ಅಬ್ದುಲ್ಲರ ಹಳೆಯ ಕಕ್ಷಿದಾರರು; ಅವರ ಮನೆಯಲ್ಲಿ ಮೂಲೆ ಸೇರಿದ್ದ ಹದಿನಾಲ್ಕು ಇಂಚಿನ ಮಾನಿಟರು ಬಂತು. ಕೀಬೋರ್ಡು, ಹಾರ್ಡ್‌ಡಿಸ್ಕು, ಸೂಜಿಯಿಂದ ಕಟಕಟ ಅಕ್ಷರ ಕುಟ್ಟುವ ಹಳೆಯ ಪ್ರಿಂಟರು ಮೂಡಬಿದಿರೆಯ ಗೆಳೆಯರಿಂದ ಬಂದವು. ಇವೆಲ್ಲಕ್ಕಿಂತ ಮುಖ್ಯವಾದ ಕ್ಯಾಬಿನೆಟ್ಟು, ಅಂದರೆ ಒಳಗಿನ ಬೋರ್ಡು, ಪ್ರೊಸೆಸರು, ಪವರ್ ಸಪ್ಲೈ ಸಮೇತ ಇಡೀ ಪೆಟ್ಟಿಗೆ, ದಮ್ಮಾಮಿನಿಂದ ಬಂತು. ಅಲ್ಲಿದ್ದ ಅಣ್ಣ ಅಶ್ರಫನ ಕಂಪನಿಯವರು ಹಳೆಯ ಕಂಪ್ಯೂಟರುಗಳನ್ನು ಎಸೆಯುವಾಗ ಅವನು ಒಂದನ್ನು ಕೇಳಿ ತೆಗೆದಿಟ್ಟಿದ್ದ.

ಅದನ್ನು ಹೊತ್ತು ತಂದವನು ಹಸೈನಾರ್. ಮೂಡಬಿದಿರೆ ಹತ್ತಿರದ ತೋಡಾರಿನವನು, ದಮ್ಮಾಮಿನಲ್ಲಿ ಅಶ್ರಫನ ಕೋಣೆಯಲ್ಲೇ ಇರುವವನು. ಎರಡೂವರೆ ವರ್ಷದ ಮೇಲೆ ಒಂದು ತಿಂಗಳ ರಜೆಯಲ್ಲಿ ಹೊರಟಿದ್ದ. ವಿಮಾನದಲ್ಲಿ ಇಂತಿಷ್ಟೇ ಕಿಲೋ ಎಂಬ ನಿಯಮ ಬೇರೆ. ಪೆಟ್ಟಿಗೆಯದ್ದೇ ಒಂಬತ್ತು ಕಿಲೋ. ತನ್ನ ಮನೆಗೆಂದು ಕಟ್ಟಿದ್ದ ಕಂಬಳಿ, ಹಾಲಿನ ಪುಡಿ, ಮಗಳ ಆಟಿಕೆ ಎಲ್ಲ ತೆಗೆದಿಟ್ಟು ಇದನ್ನು ತಂದ. ಬೊಂಬಾಯಿಯಿಂದ ಬಸ್ಸಿನಲ್ಲಿ ಮಡಿಲ ಮೇಲೇ ಇಟ್ಟುಕೊಂಡು ಬಂದನಂತೆ. ಎರಡು ದಿನ ತೋಡಾರಿನ ಮನೆಯಲ್ಲಿಟ್ಟು, ಮೂರನೆಯ ದಿನ ತಾನೇ ಬಂಟ್ವಾಳಕ್ಕೆ ತಂದು ಒಪ್ಪಿಸಿ, ಒಂದು ಚಾ ಕುಡಿದು ಹೋದ. ಇಂಥ ಮನುಷ್ಯರು ಈಗ ಎಷ್ಟು ಜನ ಸಿಗುತ್ತಾರೆ?

ಎಲ್ಲ ಕೂಡಿಬರಲು ಮೂರು ವಾರ ಹಿಡಿಯಿತು. ಒಂದು ಭಾನುವಾರ ಬೆಳಿಗ್ಗೆ ಚಾವಡಿಯ ಮೇಜಿನ ಮೇಲೆ ನಿಝಾರ್ ಪೆಟ್ಟಿಗೆ ಬಿಚ್ಚಿದ. ಪೇಂಟಿನ ಬ್ರಶ್ಶಿನಿಂದ ಮರುಭೂಮಿಯ ಧೂಳು ಗುಡಿಸಿದ. ರ‍್ಯಾಮಿನ ಚಿನ್ನದ ಬಣ್ಣದ ಅಂಚನ್ನು ಶಾಲೆ ಮಕ್ಕಳ ರಬ್ಬರಿನಿಂದ ಉಜ್ಜಿದ. ರುಕ್ಮಯ್ಯ ಗೌಡರು ತಮ್ಮ ವಿಭಾಗಪತ್ರ ಅಚ್ಚಾಗುವುದನ್ನು ನೋಡಲು ಬೆಳ್ತಂಗಡಿಯಿಂದಲೇ ಬಂದು ಕುರ್ಚಿ ಹಿಡಿದಿದ್ದರು. ಸಾಲಿಹಾ ಬಾಗಿಲ ಪರದೆಯ ಹಿಂದೆ ನಿಂತಿದ್ದರು.

ಅಬ್ದುಲ್ಲ ಮಗನ ಪಕ್ಕದಲ್ಲೇ ಸ್ಟೂಲು ಹಾಕಿಕೊಂಡು ಕೂತಿದ್ದರು. ಕಣ್ಣಿಗೆ ಬಿದ್ದ ಅಕ್ಷರವನ್ನು ಓದದೆ ಬಿಡುವುದು ಅವರಿಂದಾಗದು. ಬಾವಿಯ ಹಕ್ಕು ಬರೆಯುವುದಿದ್ದರೆ ಹೋಗಿ ಬಾವಿಗೆ ಇಣುಕಿ ನೋಡಿಯೇ ಬರೆಯುವ ಮನುಷ್ಯ. ಪೆಟ್ಟಿಗೆಯ ಮೇಲಿದ್ದ ಚೀಟಿಗಳನ್ನೆಲ್ಲ ಓದಿ ಮುಗಿಸಿ ಅವರು ಹಿಂಬದಿಗೆ ಬಂದರು.

"ನಿಝಾರ್, ಇಲ್ಲಿ ಕೆಂಪು ಸ್ವಿಚ್ಚಿನ ಮೇಲೆ ನೂರ ಹದಿನೈದು ಅಂತ ಉಂಟಲ್ಲ. ನಮ್ಮ ಕರೆಂಟಿನ ಮೀಟರಿನಲ್ಲಿ ಇನ್ನೂರ ಮೂವತ್ತು ಅಂತ ಇರುವುದು."

"ಬಾಪ, ಅದು ಕಂಪನಿಯವರ ಲೆಕ್ಕ. ನಿಮ್ಮ ಸರ್ವೆ ನಂಬರ್ ಅಲ್ಲ. ಕೈ ಹಾಕಬೇಡಿ."

ಗೌಡರು ನಕ್ಕರು. ಅಬ್ದುಲ್ಲರೂ ನಕ್ಕು ಕೈ ಹಿಂದೆ ತೆಗೆದುಕೊಂಡರು.

"ಬಿಸ್ಮಿಲ್ಲಾ" ಎಂದು ನಿಝಾರ್ ಗೋಡೆಯ ಸ್ವಿಚ್ಚು ಅದುಮಿದ.

ಢಂ! ದೀಪಾವಳಿಯ ಗರ್ನಾಲು ಮೇಜಿನ ಮೇಲೇ ಸಿಡಿದಂತಾಯಿತು. ಪೆಟ್ಟಿಗೆಯ ಹಿಂದಿನಿಂದ ನೀಲಿ ಕಿಡಿ ಹಾರಿ, ದಪ್ಪ ಹೊಗೆ ಎದ್ದು, ಮನೆಯ ಫ್ಯೂಸು ಹೋಗಿ ಫ್ಯಾನು ನಿಂತಿತು. "ಯಾ ಅಲ್ಲಾಹ್!" ಎಂದು ಸಾಲಿಹಾ ಚೀರಿದರು. ಗೌಡರ ಚಾ ಅವರ ಪಂಚೆಯ ಮೇಲಿತ್ತು. ಅಬ್ದುಲ್ಲ ಗೋಡೆಗೆ ಒರಗಿ ಎರಡೂ ಕೈಯಿಂದ ಎದೆ ಹಿಡಿದುಕೊಂಡಿದ್ದರು. ನಿಝಾರನ ಕಿವಿಯಲ್ಲಿ ಗುಂಯ್ ಎಂಬ ಸದ್ದು ಬಿಟ್ಟರೆ ಬೇರೇನೂ ಇಲ್ಲ. ಸುಟ್ಟ ವಾಸನೆಯ ನಡುವೆ ಅವನು ಬಾಯಿ ತೆರೆದುಕೊಂಡು ನಿಂತೇ ಇದ್ದ.

ಮೊದಲು ಮಾತು ಬಂದದ್ದು ಗೌಡರಿಗೆ. "ಪೆಟ್ಟಿಗೆ ದಾರಿಯಲ್ಲಿ ಎಲ್ಲಿಯೋ ಬಿದ್ದಿರಬೇಕು ಮಾರಾಯ. ಅಷ್ಟು ದೂರದಿಂದ ಬಂದದ್ದಲ್ಲವಾ."

"ಹೌದು, ಬಿದ್ದಿರಬೇಕು" ಎಂದ ನಿಝಾರ್.

ಯೋಚಿಸಿ ಹೇಳಿದ ಮಾತಲ್ಲ ಅದು, ಗಾಬರಿಯಲ್ಲಿ ಬಾಯಿಗೆ ಬಂದದ್ದು. ಅಷ್ಟರಮಟ್ಟಿಗೆ ಅವನನ್ನು ಕ್ಷಮಿಸಬಹುದು. ಆಮೇಲಿನದ್ದನ್ನು ಹೇಗೆ ಕ್ಷಮಿಸುವುದೋ ನನಗೆ ತಿಳಿಯದು.

ಮಧ್ಯಾಹ್ನ ಬಾಪ ನಮಾಝಿಗೆ ಮಸೀದಿಗೆ ಹೋದಾಗ ಅವನು ಒಬ್ಬನೇ ಪೆಟ್ಟಿಗೆ ತಿರುಗಿಸಿ ನೋಡಿದ. ಕೆಂಪು ಸ್ವಿಚ್ಚು. ಅದರ ಮೇಲೆ 115. ದಮ್ಮಾಮಿನಲ್ಲಿ ಅವರ ಕೋಣೆಯ ಕರೆಂಟು ನಮ್ಮದರ ಅರ್ಧ ಎಂದು ಅಶ್ರಫ್ ಎಷ್ಟು ಸಲ ಹೇಳಿಲ್ಲ? ಅವನು ಕಳಿಸಿದ ಇಸ್ತ್ರಿಪೆಟ್ಟಿಗೆ ಈ ಕಾರಣಕ್ಕೇ ಕಪಾಟಿನಲ್ಲಿ ಕೂತಿಲ್ಲವೆ? ಕೋರ್ಸಿನಲ್ಲಿ ನೋಡಿದ ಕಂಪ್ಯೂಟರುಗಳೆಲ್ಲ ಇಲ್ಲಿಯವೇ. ಆ ಸ್ವಿಚ್ಚನ್ನು ಅಲ್ಲಿ ಯಾರೂ ಮುಟ್ಟಿರಲಿಲ್ಲ, ಅದು ಯಾಕಿದೆಯೆಂದು ಇವನೂ ಕೇಳಿರಲಿಲ್ಲ. ಅರ್ಧ ಕರೆಂಟಿನ ಬಾಯಿಗೆ ಪೂರ್ತಿ ಕರೆಂಟು ತುರುಕಿದ್ದ. ಅದೂ ಬಾಪ ಬೆರಳಿಟ್ಟು ತೋರಿಸಿದ ಮೇಲೆ.

ನಾಚಿಕೆಯಿಂದ ಮೈಯೆಲ್ಲ ಬೆವರಿತು. ಅವನು ಸ್ಕ್ರೂಡ್ರೈವರಿನ ತುದಿಯಿಂದ ಸ್ವಿಚ್ಚನ್ನು ಆಚೆಗೆ ತಳ್ಳಿದ. ಟಿಕ್ ಎಂದಿತು. ಈಗ ಅಲ್ಲಿ 230 ಇತ್ತು.

ಸಂಜೆ ಅಶ್ರಫನ ಫೋನು ಬಂದಾಗ, "ದಾರಿಯಲ್ಲಿ ಎಲ್ಲೋ ಪೆಟ್ಟು ಬಿದ್ದ ಹಾಗೆ ಉಂಟು" ಎಂದುಬಿಟ್ಟ. ಹಸೈನಾರನ ಹೆಸರು ಎತ್ತಲಿಲ್ಲ, ನಿಜ. ಆದರೆ ಆ ದಾರಿಯಲ್ಲಿ ಪೆಟ್ಟಿಗೆ ಹೊತ್ತವನು ಬೇರೆ ಯಾರಿದ್ದರು?

ಗುರುವಾರ ಮಧ್ಯಾಹ್ನ ಹಸೈನಾರ್ ಬಂದ. ರಜೆಯಲ್ಲಿ ಬಂದವನ ಮುಖದ ಕಳೆ ಇರಲಿಲ್ಲ. ಕೂರಲು ಹೇಳಿದರೂ ಕೂರದೆ ಚಾವಡಿಯ ಕಂಬದ ಬಳಿ ನಿಂತ.

"ಅಬ್ದುಲ್ಲಾಕ, ಅಶ್ರಫ್ ಫೋನಿನಲ್ಲಿ ತುಂಬ ಬೇಜಾರು ಮಾಡಿದ. ನಾವು ಒಂದೇ ಕೋಣೆಯಲ್ಲಿ ಇರುವವರು, ಒಂದೇ ಪಾತ್ರೆಯಿಂದ ಉಣ್ಣುವವರು. ನಾಡಿದ್ದು ಶನಿವಾರ ನನಗೆ ಬೊಂಬಾಯಿ ಬಸ್ಸು. ಇದನ್ನು ಮನಸ್ಸಿನಲ್ಲಿಟ್ಟುಕೊಂಡು ಹೋಗ್ಲಿಕ್ಕೆ ಆಗುವುದಿಲ್ಲ. ತಪ್ಪು ನನ್ನದು, ಬೇರೆ ಪೆಟ್ಟಿಗೆ ಕಳಿಸಿಕೊಡ್ತೇನೆ ಅಂತ ಒಂದು ಕಾಗದ ಬರೆಯಿರಿ. ನಾನು ಸಹಿ ಹಾಕ್ತೇನೆ."

"ಇದಕ್ಕೆಲ್ಲ ಕಾಗದ ಯಾಕೆ ಹಸೈನಾರೇ? ನೀನು ಹೊತ್ತು ತಂದದ್ದೇ ದೊಡ್ಡದು."

"ಇಲ್ಲ, ಬರೆಯಲೇಬೇಕು. ನಿಮ್ಮ ಕಾಗದ ಅಂದರೆ ಅಶ್ರಫ್ ಮತ್ತೆ ಮಾತಾಡುವುದಿಲ್ಲ."

ಬೇಡ ಎಂದಷ್ಟೂ ಹಸೈನಾರನ ಕಣ್ಣು ತುಂಬಿಕೊಳ್ಳುತ್ತಿತ್ತು. ಕೊನೆಗೆ ಅಬ್ದುಲ್ಲ ಕನ್ನಡಕ ಏರಿಸಿ, ಕಾಗದದ ಕೆಳಗೆ ರಟ್ಟು ಇಟ್ಟು, ಪೆನ್ನು ಬಿಚ್ಚಿದರು. ಒಮ್ಮೆ ಪೆನ್ನು ಬಿಚ್ಚಿದ ಮೇಲೆ ಅವರಿಗೆ ಬಂಧುವೂ ಇಲ್ಲ, ನೆಂಟನೂ ಇಲ್ಲ, ಎದುರಿದ್ದವರೆಲ್ಲ ಕಕ್ಷಿದಾರರೇ.

"ಆದದ್ದನ್ನು ಆದ ಹಾಗೆ ಹೇಳಬೇಕು. ಪೆಟ್ಟಿಗೆ ಎಲ್ಲಿ ಬಿತ್ತು?"

ಹಸೈನಾರ್ ತಲೆ ತಗ್ಗಿಸಿದ. "ದಾರಿಯಲ್ಲಿ ಬೀಳಲಿಲ್ಲ. ಅಲ್ಲಾಹನಾಣೆ, ನಾನು ನಿದ್ದೆ ಸಹ ಮಾಡಲಿಲ್ಲ. ಬಿದ್ದದ್ದು ನಮ್ಮ ಮನೆಯಲ್ಲಿ. ನನ್ನ ಮಗಳು ರಿಫಾ, ಎಂಟು ವರ್ಷ, ಅವಳು ಬೀಳಿಸಿದ್ದು. ಅಶ್ರಫ್ ಫೋನ್ ಮಾಡಿದ ಮೇಲೆ ಕೇಳಿದೆ. ಮೊದಲು ಇಲ್ಲ, ಇಲ್ಲ ಅಂದಳು. ಬೆತ್ತ ತೆಗೆದು ನಾಲ್ಕು ಬಿಟ್ಟೆ. ಆಮೇಲೆ ಒಪ್ಪಿಕೊಂಡಳು. ಅವಳ ಹೆಸರು ಬೇಡ ಅಬ್ದುಲ್ಲಾಕ, ನನ್ನದೇ ಬರೆಯಿರಿ."

ನಿಝಾರ್ ಬಾಗಿಲ ಬಳಿ ನಿಂತು ಎಲ್ಲ ಕೇಳುತ್ತಿದ್ದ. ಹೊಗೆ ಎದ್ದಾಗಲೂ ಅವನು ಇಷ್ಟು ಬೆಚ್ಚಿರಲಿಲ್ಲ. ಬೀಳದೇ ಇದ್ದ ಪೆಟ್ಟಿಗೆಯನ್ನು ಬೀಳಿಸಿದೆನೆಂದು ತೋಡಾರಿನಲ್ಲಿ ಒಂದು ಮಗು ಒಪ್ಪಿಕೊಂಡಿದೆ! ಇವನು ಇಲ್ಲಿ ಹೊತ್ತುಹೊತ್ತಿಗೆ ಉಂಡು, ಅಂಗಡಿಯವರಿಗೆ ಗಲ್ಫಿನ ಮಾಲಿನ ಬಗ್ಗೆ ಭಾಷಣ ಮಾಡಿಕೊಂಡು ತಿರುಗಿದ್ದಾನೆ. ಹೇಳಬೇಕು, ಈಗಲೇ ಹೇಳಬೇಕು ಅಂದುಕೊಂಡ. ಕಾಗದವೊಂದು ಆಗಿಬಿಟ್ಟರೆ ಹಸೈನಾರ್ ಶನಿವಾರ ಹೋಗಿಬಿಡುತ್ತಾನೆ, ಎಲ್ಲ ತಣ್ಣಗಾಗುತ್ತದೆ ಎಂಬ ಹೇಡಿ ಯೋಚನೆಯೂ ಅದೇ ಕ್ಷಣದಲ್ಲಿ ಬಂತು.

"ಸೊತ್ತಿನ ವಿವರ ಬೇಕಲ್ಲ" ಎಂದು ಅಬ್ದುಲ್ಲ ಎದ್ದರು. ಜಾಗದ ಪತ್ರಕ್ಕೆ ನಾಲ್ಕು ಗಡಿ ಬರೆಯುವ ಹಾಗೆ, ಯಾವ ವಸ್ತುವಿನ ಬಗ್ಗೆ ಬರೆದರೂ ಅದನ್ನು ಕಣ್ಣಾರೆ ನೋಡಿ ಗುರುತು ಬರೆಯುವುದು ಅವರ ಪದ್ಧತಿ. ಮೂಲೆಗೆ ಸರಿಸಿಟ್ಟಿದ್ದ ಪೆಟ್ಟಿಗೆಯ ಮುಂದೆ ಕುಕ್ಕರಗಾಲಿನಲ್ಲಿ ಕೂತು ಮುಂಬದಿ ನೋಡಿದರು, ಮಗ್ಗುಲು ನೋಡಿದರು, ತಿರುಗಿಸಿ ಹಿಂಬದಿ ನೋಡಿದರು. ಅಲ್ಲಿ ಬಹಳ ಹೊತ್ತು ಕೂತರು. ಕನ್ನಡಕ ತೆಗೆದು ಒರೆಸಿ, ಮತ್ತೆ ಹಾಕಿಕೊಂಡು, ಮತ್ತೊಮ್ಮೆ ನೋಡಿದರು.

ಎದ್ದು ಬಂದಾಗ ಅವರ ಮುಖ ಬಿಳಿಚಿಕೊಂಡಿತ್ತು. ಮಗನ ಕಡೆ ನೋಡಲಿಲ್ಲ. ಪೆನ್ನು ಹಿಡಿದು, ಎಂದಿನಂತೆ ಗಟ್ಟಿಯಾಗಿ ಓದುತ್ತ ಬರೆದರು.

"ಬೂದು ಬಣ್ಣದ ಕಂಪ್ಯೂಟರ್ ಪೆಟ್ಟಿಗೆ ಒಂದು. ಎಡ ಮಗ್ಗುಲಲ್ಲಿ ಸಣ್ಣ ಗೀರು. ಜಜ್ಜಿದ ಗುರುತು ಎಲ್ಲಿಯೂ ಇರುವುದಿಲ್ಲ. ಹಿಂಬದಿಯಲ್ಲಿ ಕೆಂಪು ಸ್ವಿಚ್ಚು ಒಂದು. ಸದರಿ ಸ್ವಿಚ್ಚಿನ ಮೇಲೆ ಕಾಣುವ ಸಂಖ್ಯೆ..."

ಪೆನ್ನು ನಿಂತಿತು. ಅವರು ಕಾಗದದಿಂದ ತಲೆ ಎತ್ತದೆಯೇ ಕೇಳಿದರು.

"ಎಷ್ಟು ಅಂತ ಬರೆಯಲಿ, ನಿಝಾರ್?"

ಬೈದಿದ್ದರೆ ತಡೆದುಕೊಳ್ಳಬಹುದಿತ್ತು. ಕಪಾಳಕ್ಕೆ ಬಾರಿಸಿದ್ದರೆ ಇನ್ನೂ ಒಳ್ಳೆಯದಿತ್ತು. ಮೂವತ್ತೆರಡು ವರ್ಷ ಪರರ ಬಾಯಿಯಿಂದ ಬಂದದ್ದನ್ನು ಒಂದಕ್ಷರ ಹೆಚ್ಚುಕಡಿಮೆ ಮಾಡದೆ ಬರೆದ ಆ ಕೈ, ತನ್ನ ಮಗ ಯಾವ ಸಂಖ್ಯೆ ಹೇಳಿದರೆ ಅದನ್ನೇ ಬರೆಯಲು ಕಾಯುತ್ತಿತ್ತು.

"ನೂರ ಹದಿನೈದು, ಬಾಪ" ಎಂದ. "ಅಂದು ಅದು ನೂರ ಹದಿನೈದರಲ್ಲೇ ಇತ್ತು. ನೀವು ಹೇಳಿದ್ದಿರಿ. ನಾನು ಕೇಳಲಿಲ್ಲ. ಅದಕ್ಕೇ ಸುಟ್ಟದ್ದು. ಆಮೇಲೆ ನಾನೇ ತಿರುಗಿಸಿ ಇಟ್ಟೆ. ಹಸೈನಾರಾಕ, ಪೆಟ್ಟಿಗೆಗೆ ಏನೂ ಆಗಿರಲಿಲ್ಲ. ನೀವು ತಂದದ್ದು ಸರಿಯಾಗಿಯೇ ಇತ್ತು."

ಪರದೆಯ ಹಿಂದೆ ಸಾಲಿಹಾ ತಲೆಬಟ್ಟೆಯ ಸೆರಗನ್ನು ಬಾಯಿಗೆ ಒತ್ತಿಕೊಂಡರು. ಅಬ್ದುಲ್ಲ ಪೆನ್ನಿಗೆ ಮುಚ್ಚಳ ಹಾಕಿದರು.

ಹಸೈನಾರನಿಗೆ ಕೂಡಲೇ ಅರ್ಥವಾಗಲಿಲ್ಲ. "ಅಂದರೆ ಪೆಟ್ಟಿಗೆ ಬೀಳಲೇ ಇಲ್ಲವಾ?"

"ಇಲ್ಲ."

"ನಮ್ಮ ಮನೆಯಲ್ಲಿ ಸಹ?"

"ಎಲ್ಲಿಯೂ ಇಲ್ಲ ಹಸೈನಾರಾಕ. ತಪ್ಪು ನನ್ನದೊಬ್ಬನದೇ."

ಹಸೈನಾರನ ಮುಖ ಒಮ್ಮೆಗೇ ಹಗುರಾಯಿತು. ನಾಲ್ಕು ದಿನದ ಭಾರ ಇಳಿದ ಹಾಗೆ ಉಸಿರು ಬಿಟ್ಟು, ಮೊದಲ ಸಲ ಬೆಂಚಿನ ಮೇಲೆ ಕೂತ. ಬೈಯುವುದಿಲ್ಲ, ಕ್ಷಮಿಸಿಬಿಟ್ಟ ಎಂದುಕೊಂಡ ನಿಝಾರ್. ಆದರೆ ಕೂತವನ ಹುಬ್ಬು ಮೆಲ್ಲನೆ ಗಂಟಿಕ್ಕಿತು.

"ಮತ್ತೆ ರಿಫಾ, ನಾನೇ ಬೀಳಿಸಿದೆ ಅಂತ ಯಾಕೆ ಹೇಳಿದ್ದು?"

ಅವನು ಅಬ್ದುಲ್ಲರ ಕಡೆ ತಿರುಗಿದ.

"ಹೇಗೆ ಬಿತ್ತು ಅಂತ ಸಹ ಮಾಡಿ ತೋರಿಸಿದಳು ಅಬ್ದುಲ್ಲಾಕ. ಬೆಂಚಿನ ಮೇಲಿತ್ತು, ನಾನು ಹತ್ತಲಿಕ್ಕೆ ಹೋದೆ, ಹೀಗೆ ಜಾರಿತು ಅಂತ..."

ಜಾರಿದ್ದನ್ನು ತೋರಿಸಲು ಎತ್ತಿದ ಬಲಗೈ ಅರ್ಧದಲ್ಲೇ ನಿಂತಿತು. ಹಸೈನಾರ್ ಬೆತ್ತ ಹಿಡಿದಿದ್ದ ಆ ಕೈಯನ್ನು ನೋಡಿದ. ನೋಡುತ್ತಲೇ ಕೂತ.